ಡೆಂಗಿ ಜ್ವರವೂ ರಕ್ತಪರಿಚಲನೆಯೂ

ಜ್ವರವೆಂದೊಡನೆ ನಮ್ಮ ಗಮನವೆಲ್ಲ ಮೈಯ ಕಾವಿನ ಮೇಲೆ ನಿಲ್ಲುವುದು ಸಹಜ. ಹಣೆಯನ್ನು ಮುಟ್ಟಿ ನೋಡುತ್ತೇವೆ. ಕಾದಿದ್ದರೆ ಗಾಬರಿ, ತಣ್ಣಗಿದ್ದರೆ ನೆಮ್ಮದಿ. ಜ್ವರ ಬಿಟ್ಟ ಮೇಲೆ ತಲೆಗೆ ನೀರು ಹಾಕಿ, ಗಂಜಿಯಿಂದ ಅನ್ನಕ್ಕೆ ಬಂದು, ಕೆಲಸಕ್ಕೆ ಹೊರಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಹೆಚ್ಚಿನ ಜ್ವರಗಳ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಡೆಂಗಿ ಜ್ವರವು ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಅದರಲ್ಲಿ ರೋಗಿಗೆ ಪ್ರಾಣಾಪಾಯ ಒದಗುವುದಾದರೆ ಅದು ಬಹುಮಟ್ಟಿಗೆ ಮೈ ಕಾದಿರುವಾಗ ಅಲ್ಲ. ಮೈ ತಣ್ಣಗಾಗುವ ಹೊತ್ತಿಗೆ. ಹೀಗೇಕೆ ಎಂಬುದನ್ನು ತಿಳಿಯಬೇಕಾದರೆ ಜ್ವರದ ಮಾತನ್ನು ಒಂದಿಷ್ಟು ಬದಿಗಿಟ್ಟು ರಕ್ತದ ಹರಿವಿನ ಕಡೆಗೆ ದೃಷ್ಟಿ ಹರಿಸಬೇಕು.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮಳೆಗಾಲ ಬಂತೆಂದರೆ ಬೀದಿಯವರು ರಕ್ತಪರೀಕ್ಷೆಯ ವರದಿಗಳನ್ನು ಹಿಡಿದುಕೊಂಡು ನನ್ನ ಬಳಿ ಬರುತ್ತಾರೆ. “ಬಿಳಿ ರಕ್ತಕಣ ಎಷ್ಟಿದೆ ನೋಡಪ್ಪ” ಎನ್ನುತ್ತಾರೆ. ಅವರು ಕೇಳುವುದು ನಿಜವಾಗಿ ಬಿಳಿ ರಕ್ತಕಣವನ್ನಲ್ಲ, ಪ್ಲೇಟ್‌ಲೆಟ್ಟನ್ನು. ಆ ಒಂದು ಸಂಖ್ಯೆಯನ್ನು ಹೇಳಿದರೆ ಸಾಕು, ಉಳಿದ ವರದಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಮಡಿಸಿಟ್ಟ ಆ ಭಾಗದಲ್ಲಿ ಏನಿದೆಯೆಂದು ತಿಳಿದುಕೊಳ್ಳುವ ಕುತೂಹಲವೇ ಈ ಲೇಖನಕ್ಕೆ ಕಾರಣ.

ರಕ್ತವು ದೇಹದಲ್ಲಿ ಸುತ್ತುತ್ತಿರುತ್ತದೆ ಎಂಬುದನ್ನು ೧೬೨೮ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ತನ್ನ ಗ್ರಂಥದಲ್ಲಿ ಸಾಧಿಸಿ ತೋರಿಸಿದನು. ಆದರೆ ಅಪಧಮನಿಗಳಲ್ಲಿ ಹೊರಟ ರಕ್ತವು ಅಭಿಧಮನಿಗಳನ್ನು ಸೇರುವ ದಾರಿ ಅವನಿಗೆ ಕಾಣಲಿಲ್ಲ. ೧೬೬೧ರಲ್ಲಿ ಇಟಲಿಯ ಮಾರ್ಸೆಲೊ ಮಾಲ್ಪಿಗಿಯು ಸೂಕ್ಷ್ಮದರ್ಶಕದ ಕೆಳಗೆ ಕಪ್ಪೆಯ ಶ್ವಾಸಕೋಶವನ್ನಿಟ್ಟು, ಕೂದಲಿಗಿಂತಲೂ ಎಷ್ಟೋ ಸಣ್ಣವಾದ ನಾಳಗಳ ಬಲೆಯನ್ನು ಕಂಡನು. ಇವೇ ಲೋಮನಾಳಗಳು. ದೇಹಕ್ಕೆ ರಕ್ತದಿಂದ ಆಗಬೇಕಾದ ಉಪಕಾರವೆಲ್ಲ ಆಗುವುದು ಇಲ್ಲಿಯೇ. ಪ್ರಾಣವಾಯುವೂ ಆಹಾರಾಂಶವೂ ಅಂಗಾಂಶಗಳಿಗೆ ದಾಟುವುದು ಇಲ್ಲಿಂದಲೇ. ಅದಕ್ಕಾಗಿಯೇ ಲೋಮನಾಳದ ಗೋಡೆಯನ್ನು ಪ್ರಕೃತಿ ಒಂದೇ ಒಂದು ಜೀವಕೋಶದಷ್ಟು ತೆಳ್ಳಗೆ ಮಾಡಿದೆ.

ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು ೫ ಲೀಟರು ರಕ್ತವಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಪ್ಲಾಸ್ಮ ಎಂಬ ತಿಳಿಹಳದಿ ದ್ರವ. ಉಳಿದುದು ಬಹುಪಾಲು ಕೆಂಪು ರಕ್ತಕಣಗಳು. ಪ್ಲಾಸ್ಮದಲ್ಲಿ ಕರಗಿರುವ ಆಲ್ಬುಮಿನ್ ಮುಂತಾದ ಸಸಾರಜನಕಗಳು ನೀರನ್ನು ನಾಳದೊಳಗೆ ಹಿಡಿದಿಡುತ್ತವೆ. ಲೋಮನಾಳದ ಒಳಮೈಗೆ ಸಕ್ಕರೆಯಂಥ ವಸ್ತುಗಳಿಂದಾದ ಒಂದು ನವಿರು ಲೇಪವೂ ಇದೆ. ಗೋಡೆಯೂ ಲೇಪವೂ ಸರಿಯಾಗಿರುವ ತನಕ ಬೇಕಾದುದು ಮಾತ್ರ ಹೊರಕ್ಕೆ ಹೋಗುತ್ತದೆ. ಕಾಲುವೆಯ ಏರಿ ಗಟ್ಟಿಯಾಗಿದ್ದರೆ ತೂಬು ತೆಗೆದ ಗದ್ದೆಗಷ್ಟೇ ನೀರು ಹರಿಯುವಂತೆ. ಏರಿಯೇ ಸೋರತೊಡಗಿದರೆ ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಆಗ ತಲೆಯಲ್ಲಿ ಪಂಪ್‌ಸೆಟ್ಟು ಎಷ್ಟು ಗಟ್ಟಿಯಾಗಿದ್ದರೇನು? ಡೆಂಗಿ ಜ್ವರವು ತೀವ್ರವಾದಾಗ ಆಗುವುದು ಇದೇ. ಹೃದಯವು ಕೈಬಿಡುವುದಕ್ಕೆ ಮೊದಲೇ ಹೃದಯಕ್ಕೆ ಬರಬೇಕಾದ ರಕ್ತ ಕಡಿಮೆಯಾಗುತ್ತದೆ.

ಡೆಂಗಿಯ ವೈರಸ್ಸನ್ನು ಮೊದಲು ಪ್ರತ್ಯೇಕಿಸಿದವರು ಜಪಾನಿನ ರೆನ್ ಕಿಮುರಾ ಮತ್ತು ಸುಸುಮು ಹೊಟ್ಟಾ. ೧೯೪೩ರಲ್ಲಿ, ನಾಗಸಾಕಿಯ ಜ್ವರದ ಕಾಲದಲ್ಲಿ. ಇದನ್ನು ಹರಡುವ ಈಡಿಸ್ ಸೊಳ್ಳೆ ಹಗಲು ಹೊತ್ತಿನಲ್ಲಿ ಕಚ್ಚುವಂಥದು; ಕೊಳಚೆ ನೀರಿಗಿಂತ ತೊಟ್ಟಿ, ಡ್ರಮ್ಮು, ಒಡೆದ ಮಡಕೆ, ಹಳೆಯ ಟೈರುಗಳಲ್ಲಿ ನಿಂತ ನೀರನ್ನು ಹೆಚ್ಚಾಗಿ ಆಶ್ರಯಿಸುತ್ತದೆ. ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯಿಂದ ಜ್ವರ ಬಂದು ವಾಸಿಯಾದರೆ ಅದೇ ಬಗೆ ಮತ್ತೆ ಕಾಡುವುದಿಲ್ಲ. ಆದರೆ ಬೇರೆ ಬಗೆಯೊಂದು ಮುಂದೆ ತಗುಲಿದರೆ ಮೊದಲ ಸಲಕ್ಕಿಂತ ಉಗ್ರವಾಗುವ ಸಂಭವ ಹೆಚ್ಚು. ಈ ವಿಚಿತ್ರವನ್ನು ೧೯೬೦ರ ದಶಕದಲ್ಲಿ ಬ್ಯಾಂಕಾಕಿನ ಮಕ್ಕಳಲ್ಲಿ ಗಮನಿಸಿದವರು ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಮತ್ತು ಅವರ ಸಂಗಡಿಗರು. ಮೊದಲ ಜ್ವರದಲ್ಲಿ ದೇಹವು ತಯಾರಿಸಿಕೊಂಡ ಪ್ರತಿಕಾಯಗಳು ಎರಡನೆಯ ಬಗೆಯ ವೈರಸ್ಸಿಗೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಕೊಲ್ಲಲಾರವು. ಬದಲಾಗಿ ಅದು ಜೀವಕೋಶದೊಳಕ್ಕೆ ನುಗ್ಗಲು ನೆರವಾಗುತ್ತವೆ. ಕಾವಲುಗಾರನೇ ಕಳ್ಳನನ್ನು ಹೆಗಲ ಮೇಲೆ ಹೊತ್ತು ಒಳಕ್ಕೆ ತಂದಂತಾಯಿತು. ಕ್ಯೂಬಾ ದ್ವೀಪದಲ್ಲಿ ೧೯೭೭ರಲ್ಲಿ ಒಂದನೆಯ ಬಗೆ ಹರಡಿತ್ತು. ೧೯೮೧ರಲ್ಲಿ ಎರಡನೆಯ ಬಗೆ ಬಂದಾಗ ಮೂರು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು ೧೫೮ ಮಂದಿ ತೀರಿಕೊಂಡರು.

ಈ ಉಗ್ರರೂಪ ಮೊದಲು ದೊಡ್ಡದಾಗಿ ಗಮನಕ್ಕೆ ಬಂದುದು ೧೯೫೩-೫೪ರಲ್ಲಿ ಫಿಲಿಪೈನ್ಸಿನಲ್ಲಿ, ಅನಂತರ ೧೯೫೮ರಲ್ಲಿ ಬ್ಯಾಂಕಾಕಿನಲ್ಲಿ. ನಮ್ಮ ದೇಶದಲ್ಲಿ ೧೯೬೩-೬೪ರಲ್ಲಿ ಕಲ್ಕತ್ತೆಯಲ್ಲಿ ಕಾಣಿಸಿಕೊಂಡಿತು. ೧೯೯೬ರಲ್ಲಿ ದೆಹಲಿಯಲ್ಲಿ ನಾಲ್ಕುನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕರ್ನಾಟಕ ಸರ್ಕಾರವು ೨೦೨೪ರ ಸೆಪ್ಟೆಂಬರಿನಲ್ಲಿ ಇದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದುದು ವಾಚಕರಿಗೆ ನೆನಪಿರಬಹುದು.

ಇನ್ನು ನಾಳಗಳು ಸೋರುವುದೇಕೆ? ವೈರಸ್ಸಿಗೆ ಸಿಕ್ಕಿದ ಜೀವಕೋಶಗಳು ಒಂದು ಬಗೆಯ ಸಸಾರಜನಕವನ್ನು ರಕ್ತಕ್ಕೆ ಬಿಡುತ್ತವೆ. ಅದರ ಹೆಸರು ಎನ್.ಎಸ್. ೧. ಜ್ವರದ ಮೊದಲ ದಿನಗಳಲ್ಲಿ ಪ್ರಯೋಗಶಾಲೆಯವರು ಹುಡುಕುವುದು ಇದನ್ನೇ. ಇದು ಕೇವಲ ಗುರುತಿನ ಚೀಟಿಯಲ್ಲ, ಲೋಮನಾಳದ ಒಳಲೇಪವನ್ನು ಸವೆಸುವ ಶಕ್ತಿಯೂ ಇದಕ್ಕಿದೆ ಎಂದು ೨೦೧೬ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಇದರ ಜೊತೆಗೆ, ವೈರಸ್ಸಿನ ಮೇಲೆ ಯುದ್ಧ ಹೂಡಿದ ದೇಹದ ರಕ್ಷಣಾ ವ್ಯವಸ್ಥೆಯು ಹೊರಸೂಸುವ ರಾಸಾಯನಿಕಗಳು ಗೋಡೆಯ ಕೋಶಗಳ ನಡುವಣ ಸಂದುಗಳನ್ನು ಸಡಿಲಗೊಳಿಸುತ್ತವೆ. ಪ್ಲಾಸ್ಮವು ಆಲ್ಬುಮಿನ್ ಸಮೇತ ಹೊರಕ್ಕೆ ಒಸರಿ, ಶ್ವಾಸಕೋಶದ ಸುತ್ತ ಎದೆಗೂಡಿನಲ್ಲಿ ಮತ್ತು ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ಚರ್ಮದ ಮೇಲೆ ಗಾಯವಿಲ್ಲ, ಒಂದು ಹನಿ ರಕ್ತ ನೆಲಕ್ಕೆ ಬಿದ್ದಿಲ್ಲ. ಆದರೂ ನಾಳಗಳು ಬರಿದಾಗುತ್ತಿವೆ.

ಇದಕ್ಕೂ ಜ್ವರ ಇಳಿಯುವುದಕ್ಕೂ ಇರುವ ನಂಟು ಹೀಗಿದೆ. ವೈರಸ್ಸಿನ ಸಂಖ್ಯೆ ಮೊದಲ ಕೆಲವು ದಿನ ಏರಿ ಅನಂತರ ಇಳಿಯುತ್ತದೆ. ಅದರೊಂದಿಗೆ ಕಾವೂ ಇಳಿಯುತ್ತದೆ. ಆದರೆ ಅಷ್ಟು ಹೊತ್ತಿಗೆ ದೇಹದ ಪ್ರತೀಕಾರವು ಶಿಖರಕ್ಕೇರಿರುತ್ತದೆ. ಹೀಗೆ ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಕಾವು ಇಳಿಯುವ ಸುಮಾರಿಗೆ ಸೋರಿಕೆ ಆರಂಭವಾಗಿ ೨೪ರಿಂದ ೪೮ ಗಂಟೆಗಳ ಕಾಲ ನಡೆಯುತ್ತದೆ. ಡೆಂಗಿ ಬಂದ ಬಹುಪಾಲು ಜನರಿಗೆ ಈ ಘಟ್ಟವು ಗೊತ್ತೇ ಆಗದಂತೆ ಕಳೆದುಹೋಗುತ್ತದೆ ಎಂಬುದನ್ನೂ ಹೇಳಬೇಕು. ವೃಥಾ ಹೆದರಿಸುವುದು ನನ್ನ ಉದ್ದೇಶವಲ್ಲ. ಯಾರಿಗೆ ಸೋರಿಕೆ ಜೋರಾಗುವುದೋ ಅವರಿಗೆ ಆ ಒಂದೆರಡು ದಿನಗಳೇ ನಿರ್ಣಾಯಕ.

ಆಗ ನಾಡಿಯಲ್ಲಿ ನಡೆಯುವ ವ್ಯಾಪಾರವನ್ನು ಸ್ವಲ್ಪ ವಿವರವಾಗಿ ನೋಡೋಣ. ರಕ್ತದೊತ್ತಡವನ್ನು ಎರಡು ಸಂಖ್ಯೆಗಳಲ್ಲಿ ಹೇಳುವುದು ರೂಢಿ: ೧೨೦ಕ್ಕೆ ೮೦ ಎಂಬಂತೆ. ಮೇಲಿನದು ಹೃದಯವು ಹಿಂಡಿದಾಗಿನ ಒತ್ತಡ. ಕೆಳಗಿನದು ಹೃದಯವು ಸಡಿಲಗೊಂಡ ಗಳಿಗೆಯಲ್ಲಿ ನಾಳಗಳಲ್ಲಿ ಉಳಿದಿರುವ ಒತ್ತಡ. ಎರಡರ ನಡುವಣ ಅಂತರ ೪೦. ಪ್ಲಾಸ್ಮ ಸೋರಿ ರಕ್ತದ ಮೊತ್ತ ತಗ್ಗಿದಾಗ ಹೃದಯವು ಒಂದು ಹಿಂಡಿಗೆ ಹೊರದೂಡುವ ರಕ್ತ ಕಡಿಮೆಯಾಗುತ್ತದೆ. ಕೊರತೆಯನ್ನು ತುಂಬಲು ಅದು ಬೇಗಬೇಗನೆ ಬಡಿಯುತ್ತದೆ. ದೇಹವು ಇನ್ನೊಂದು ಉಪಾಯವನ್ನೂ ಹೂಡುತ್ತದೆ. ಮಿದುಳು, ಹೃದಯಗಳಿಗೆ ರಕ್ತ ತಪ್ಪಬಾರದೆಂದು ಕೈಕಾಲು ಮತ್ತು ಚರ್ಮದ ನಾಳಗಳನ್ನು ಬಿಗಿಯುತ್ತದೆ. ನಾಳಗಳು ಬಿಗಿದಾಗ ಕೆಳಗಿನ ಸಂಖ್ಯೆ ಏರುತ್ತದೆ. ಮೇಲಿನದು ಒಂದಿಷ್ಟು ಇಳಿದು ಕೆಳಗಿನದು ಏರಿದರೆ ಎರಡೂ ಹತ್ತಿರ ಬರುತ್ತವೆ. ೧೦೦ಕ್ಕೆ ೮೦ ಎಂಬಲ್ಲಿಗೆ ಬಂದು ನಿಲ್ಲಬಹುದು. ೧೦೦ ಎಂಬ ಮೇಲಿನ ಸಂಖ್ಯೆಯನ್ನಷ್ಟೇ ನೋಡಿದವರಿಗೆ ಗಾಬರಿಪಡುವಂಥದೇನೂ ಕಾಣುವುದಿಲ್ಲ. ಆದರೆ ಅಂತರವು ೨೦ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದಿತೆಂದರೆ ರೋಗಿಯು ಷಾಕ್ ಎಂಬ ಸ್ಥಿತಿಯನ್ನು ಆಗಲೇ ಮುಟ್ಟಿದ್ದಾನೆ ಎಂದು ವೈದ್ಯರು ಎಣಿಸುತ್ತಾರೆ. ಉಪಾಯವು ಸೋತು ಮೇಲಿನ ಸಂಖ್ಯೆಯೂ ಕುಸಿದ ಮೇಲೆ ಉಳಿಯುವ ಕಾಲಾವಕಾಶ ಬಹಳ ಸ್ವಲ್ಪ.

ಕೈಕಾಲು ತಣ್ಣಗಾಗುವ ಗುಟ್ಟು ಇಲ್ಲಿದೆ. ಕಾವಿಳಿದ ತಂಪು ಬೇರೆ. ರಕ್ತವು ಹಿಂದೆಗೆದ ತಂಪು ಬೇರೆ. ಮೊದಲನೆಯದರಲ್ಲಿ ರೋಗಿ ಗೆಲುವಾಗುತ್ತಾನೆ, ಹಸಿವು ಎನ್ನುತ್ತಾನೆ. ಎರಡನೆಯದರಲ್ಲಿ ಅಂಗೈ ಅಂಗಾಲುಗಳು ತಣ್ಣಗೆ ಜಿಗುಟಾಗಿರುತ್ತವೆ. ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿಯೋ ಮೂಗಿನಲ್ಲಿಯೋ ರಕ್ತ, ಮಂಪರು ಇಲ್ಲವೆ ಚಡಪಡಿಕೆ, ಆರು ಗಂಟೆ ಕಳೆದರೂ ಮೂತ್ರವಾಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಎಂದು ಕಾಯಬಾರದು. ಮೋಸಹೋಗುವುದಕ್ಕೆ ಇನ್ನೊಂದು ಕಾರಣವುಂಟು. ಷಾಕಿಗೆ ಹತ್ತಿರವಾದ ರೋಗಿಯೂ ಎಷ್ಟೋ ಸಲ ಕೊನೆಯ ತನಕ ಎಚ್ಚರವಾಗಿದ್ದು ಮಾತಾಡುತ್ತಿರುತ್ತಾನೆ. ಮಿದುಳಿಗೆ ಹೋಗುವ ರಕ್ತವನ್ನು ದೇಹವು ಅಷ್ಟು ಜೋಪಾನ ಮಾಡಿರುತ್ತದೆ. “ಮಾತಾಡ್ತಾನೇ ಇದ್ನಲ್ಲ” ಎಂದು ಹಿರಿಯರು ಆಮೇಲೆ ಅಳುವುದನ್ನು ಕೇಳಿದವರಿಗೆ ಈ ಸಂಗತಿಯ ಭಾರ ತಿಳಿದೀತು.

ಈಗ ವರದಿಯ ಮಡಿಸಿಟ್ಟ ಭಾಗಕ್ಕೆ ಬರೋಣ. ಅದರಲ್ಲಿ ಪಿ.ಸಿ.ವಿ. ಎಂದೋ ಹೆಮಟೋಕ್ರಿಟ್ ಎಂದೋ ಒಂದು ಸಾಲು ಇರುತ್ತದೆ. ರಕ್ತದಲ್ಲಿ ಕೆಂಪು ಕಣಗಳು ನೂರಕ್ಕೆ ಎಷ್ಟು ಪಾಲು ಎಂಬುದನ್ನು ಅದು ಹೇಳುತ್ತದೆ. ಪ್ಲಾಸ್ಮ ಸೋರುತ್ತದೆ, ಆದರೆ ಕೆಂಪು ಕಣಗಳು ನಾಳದಲ್ಲಿಯೇ ಉಳಿಯುತ್ತವೆ; ಆದುದರಿಂದ ನೀರು ಬತ್ತಿದ ಸಾರಿನಂತೆ ರಕ್ತವು ಮಂದವಾಗುತ್ತದೆ. ೪೦ ಇದ್ದುದು ೪೮ಕ್ಕೆ ಏರಿದರೆ ಐದನೆಯ ಒಂದು ಪಾಲು ಏರಿದಂತಾಯಿತು. ಅಷ್ಟು ಏರಿಕೆಯು ಸೋರಿಕೆಯ ಸ್ಪಷ್ಟ ಸಾಕ್ಷಿ. ಒಂದು ದಿನದ ಸಂಖ್ಯೆಯಿಂದ ಇದು ತಿಳಿಯದು, ದಿನದಿನದ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹಳೆಯ ವರದಿಯನ್ನು ಬಿಸಾಡಬೇಡಿರೆಂದು ನಾನು ಬೀದಿಯವರಿಗೆ ಹೇಳುವುದು ಇದೇ ಕಾರಣದಿಂದ.

ಪ್ಲೇಟ್‌ಲೆಟ್ಟಿನ ವಿಷಯದಲ್ಲಿ ನಮ್ಮ ಜನ ತೋರುವ ಆತಂಕ ಮಿತಿಮೀರಿದ್ದೆಂದೇ ನನ್ನ ಅಭಿಪ್ರಾಯ. ಅವು ರಕ್ತ ಹೆಪ್ಪುಗಟ್ಟಲು ಬೇಕಾದ ಕಿರುಕಣಗಳು. ಆರೋಗ್ಯವಂತನಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದ ತನಕ ಇರುತ್ತವೆ. ಡೆಂಗಿಯಲ್ಲಿ ಇಳಿಯುತ್ತವೆ, ಕಾಯಿಲೆ ತಿರುಗಿದ ಮೇಲೆ ತಾವಾಗಿಯೇ ಏರುತ್ತವೆ. ಅವುಗಳ ಇಳಿತವನ್ನು ಕಂಡು ವೈದ್ಯರು ಎಚ್ಚರಗೊಳ್ಳುವುದು ಸರಿಯೇ. ಆದರೆ ಸಂಖ್ಯೆ ಇಳಿದ ಮಾತ್ರಕ್ಕೆ, ರಕ್ತಸ್ರಾವವಿಲ್ಲದಿದ್ದರೂ, ಸಾಲ ಮಾಡಿ ಪ್ಲೇಟ್‌ಲೆಟ್ ಚೀಲಗಳನ್ನು ಏರಿಸುವುದರಿಂದ ಫಲವುಂಟೆ? ಸಿಂಗಪುರ, ಮಲೇಷಿಯಗಳ ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರ ಇಲ್ಲವೆ ಅದಕ್ಕೂ ಕೆಳಗೆ ಇಳಿದ ವಯಸ್ಕ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯೊಂದರ ಫಲಿತಾಂಶ ೨೦೧೭ರಲ್ಲಿ ಪ್ರಕಟವಾಯಿತು. ಹಾಗೆ ಏರಿಸಿದುದರಿಂದ ರಕ್ತಸ್ರಾವವೇನೂ ತಪ್ಪಲಿಲ್ಲವೆಂದು ತಿಳಿದುಬಂತು. ಪರಂಗಿ ಎಲೆಯ ರಸದ ಮಾತೂ ಹಾಗೆಯೇ. ಕುಡಿಯುವವರೊಡನೆ ನನಗೆ ಜಗಳವಿಲ್ಲ. ಅದರ ಮೇಲೆ ಭಾರ ಹಾಕಿ ಆಸ್ಪತ್ರೆಯ ದಾರಿಯನ್ನು ಮರೆಯುವುದಷ್ಟೇ ಕೆಟ್ಟದ್ದು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನಂತೂ ಮುಟ್ಟಬಾರದು, ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಕಾವಿಗೆ ಪ್ಯಾರಸಿಟಮಾಲ್ ಸಾಕು, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ.

ಈ ವೈರಸ್ಸನ್ನು ಕೊಲ್ಲುವ ಔಷಧಿಯನ್ನು ಕೊಟ್ಟು ಯಾರೂ ಡೆಂಗಿ ರೋಗಿಗಳನ್ನು ಉಳಿಸಿದುದಲ್ಲ. ಉಳಿಸಿದುದು ಉಪ್ಪುನೀರು. ಬ್ಯಾಂಕಾಕಿನ ಮಕ್ಕಳ ಆಸ್ಪತ್ರೆಯಲ್ಲಿ ಸುಚಿತ್ರಾ ನಿಮ್ಮನ್ನಿತ್ಯ ಎಂಬ ವೈದ್ಯೆಯು ೧೯೬೦ರ ದಶಕದಿಂದ ಮಕ್ಕಳನ್ನು ಹಾಸಿಗೆಯ ಪಕ್ಕದಲ್ಲಿಯೇ ಗಮನಿಸುತ್ತ, ರೋಗದ ಘಟ್ಟಗಳನ್ನು ಗುರುತಿಸಿ, ಯಾವಾಗ ಎಷ್ಟು ದ್ರವ ಕೊಡಬೇಕೆಂಬ ಕ್ರಮವನ್ನು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಳಿಗೆ ಆ ಆಸ್ಪತ್ರೆಯ ಅನುಭವವೇ ಆಧಾರವಾಯಿತು. ಚಿಕಿತ್ಸೆಯಿಲ್ಲದಿದ್ದರೆ ಉಗ್ರ ಡೆಂಗಿಯಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಸಾವು ಸಂಭವಿಸಬಹುದು. ಸಕಾಲದಲ್ಲಿ ಸರಿಯಾಗಿ ದ್ರವ ಕೊಟ್ಟರೆ ಅದು ನೂರಕ್ಕೆ ಒಂದಕ್ಕೂ ಕೆಳಗೆ ಇಳಿಯುತ್ತದೆ. ಇಷ್ಟು ಅಗ್ಗವಾದ ವಸ್ತುವಿನಿಂದ ಇಷ್ಟು ದೊಡ್ಡ ಅಂತರವುಂಟಾದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ. “ಒಂದು ಬಾಟ್ಲು ಗ್ಲೂಕೋಸ್ ಏರಿಸಿಬಿಡಿ” ಎಂದು ನಮ್ಮ ಜನ ಕೇಳುವುದುಂಟು; ಬರಿಯ ಗ್ಲೂಕೋಸಿನ ನೀರು ನಾಳದಲ್ಲಿ ನಿಲ್ಲುವುದಿಲ್ಲ. ಇಲ್ಲಿ ಬೇಕಾದುದು ರಕ್ತದಷ್ಟೇ ಲವಣಸಾಂದ್ರತೆಯುಳ್ಳ ಸಲೈನು. ಬಾಯಲ್ಲಿ ಕುಡಿಯಬಲ್ಲವನಿಗೆ ಓ.ಆರ್.ಎಸ್., ಉಪ್ಪು ಹಾಕಿದ ಗಂಜಿ, ಎಳನೀರು ಒಳ್ಳೆಯವು.

ಆದರೆ ಸಲೈನನ್ನು ಮನಬಂದಂತೆ ಸುರಿಯುವಂತಿಲ್ಲ. ಸೋರಿಕೆಯು ನಿಂತ ಮೇಲೆ ಎದೆಯಲ್ಲಿಯೂ ಹೊಟ್ಟೆಯಲ್ಲಿಯೂ ನಿಂತ ದ್ರವವೆಲ್ಲ ಎರಡು ಮೂರು ದಿನಗಳಲ್ಲಿ ರಕ್ತನಾಳಗಳಿಗೆ ಹಿಂದಿರುಗುತ್ತದೆ. ಹೊರಗಿನಿಂದ ಕೊಟ್ಟುದೂ ಒಳಗಿನಿಂದ ಮರಳಿದುದೂ ಕೂಡಿದರೆ, ನಿನ್ನೆ ಬರಿದಾಗಿದ್ದ ಹೃದಯಕ್ಕೆ ಇಂದು ಹೊರಲಾರದ ಹೊರೆ. ಶ್ವಾಸಕೋಶಗಳಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಆದಕಾರಣ ದಾದಿಯರು ಗಂಟೆಗಂಟೆಗೂ ನಾಡಿ ಹಿಡಿಯುವುದು, ಮೂತ್ರವನ್ನು ಅಳೆದು ಬರೆದುಕೊಳ್ಳುವುದು, ಮತ್ತೆ ಮತ್ತೆ ರಕ್ತ ತೆಗೆಯುವುದು. ಇದನ್ನು ಕಂಡು “ಇರೋ ರಕ್ತಾನೂ ತೆಗೀತಾರೆ” ಎಂದು ಗೊಣಗುವವರಿದ್ದಾರೆ. ಆ ಲೆಕ್ಕವಿಲ್ಲದಿದ್ದರೆ ಸಲೈನನ್ನು ಯಾವಾಗ ನಿಲ್ಲಿಸಬೇಕೆಂಬುದು ಯಾರಿಗೂ ತಿಳಿಯದು.

ಹೃದಯದ ಸ್ನಾಯುವಿಗೂ ಕೆಲವರಲ್ಲಿ ನೇರವಾಗಿಯೇ ಪೆಟ್ಟು ತಗಲುವುದುಂಟು. ಡೆಂಗಿಯಲ್ಲಿ ಸ್ನಾಯು ಊದಿಕೊಂಡು ಹಿಂಡುವ ಬಲ ಕುಗ್ಗಿದ, ಬಡಿತದ ಲಯ ತಪ್ಪಿದ ಪ್ರಸಂಗಗಳಿವೆ. ಚೇತರಿಸಿಕೊಳ್ಳುವ ದಿನಗಳಲ್ಲಿ ನಾಡಿ ನಿಧಾನವಾಗುವುದು ಸಾಕಷ್ಟು ಸಾಮಾನ್ಯ, ಹೆಚ್ಚಿನವರಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಹೃದಯಸ್ನಾಯುವನ್ನೇ ಹಿಡಿಯುವುದರಲ್ಲಿ ಕಾಕ್ಸಾಕಿ ಎಂಬ ವೈರಸ್ಸು ಕುಖ್ಯಾತವಾದುದು. ಇನ್‌ಫ್ಲುಯೆಂಜದ ದಾರಿ ಇನ್ನೊಂದು. ಕೆನಡದ ಆಂಟೇರಿಯೊ ಪ್ರಾಂತದ ರೋಗಿಗಳನ್ನು ಕುರಿತು ೨೦೧೮ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವವು ಅದೇ ಜನರ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚಿತ್ತೆಂದು ಕಂಡುಬಂತು. ೨೦೨೦ರಲ್ಲಿ ಬಂದ ಕೋವಿಡ್ ರೋಗವು ಹಾಳುಮಾಡಿದುದೂ ನಾಳದ ಒಳಪೊರೆಯನ್ನೇ. ಆದರೆ ಅಲ್ಲಿ ಸೋರಿಕೆಗಿಂತ ರಕ್ತ ಹೆಪ್ಪುಗಟ್ಟಿ ನಾಳಗಳು ಕಟ್ಟಿಕೊಳ್ಳುವುದು ಎದ್ದು ಕಾಣುವ ಉಪದ್ರವವಾಯಿತು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸಂತೂ ಡೆಂಗಿಯ ದಾಯಾದಿಯೇ. ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಅದರಲ್ಲಿಯೂ ರಕ್ತಸ್ರಾವ, ರಕ್ತದೊತ್ತಡದ ಇಳಿತ, ನಿಧಾನವಾದ ನಾಡಿ ಕಂಡುಬರುತ್ತವೆ.

ಮತ್ತೆ ಡೆಂಗಿಯ ಕಡೆಗೆ ಬಂದರೆ, ರೋಗಿಯನ್ನು ಮನೆಗೆ ಕಳುಹಿಸುವ ಮುನ್ನ ವೈದ್ಯರು ನೋಡುವುದು ಇಷ್ಟು: ಜ್ವರದ ಮಾತ್ರೆಯಿಲ್ಲದೆ ೪೮ ಗಂಟೆಗಳ ಕಾಲ ಕಾವು ಏರದಿರಬೇಕು, ಸಲೈನು ನಿಲ್ಲಿಸಿದ ಮೇಲೂ ಹೆಮಟೋಕ್ರಿಟ್ ಒಂದೇ ಸಮನಾಗಿರಬೇಕು, ಪ್ಲೇಟ್‌ಲೆಟ್ ಏರುಮುಖವಾಗಿರಬೇಕು, ಊಟ ಸೇರಬೇಕು, ಮೂತ್ರ ಚೆನ್ನಾಗಿ ಆಗಬೇಕು. ಕಾವಿಳಿದ ದಿನವೇ “ಇನ್ನೇನು, ಬಿಟ್ಟಿತಲ್ಲ” ಎಂದು ರೋಗಿಯನ್ನು ಬಿಡಿಸಿಕೊಂಡು ಹೋಗುವವರು ಆಸ್ಪತ್ರೆ ಅತ್ಯಗತ್ಯವಾದ ದಿನದಲ್ಲಿಯೇ ಅದರಿಂದ ಹೊರಟುಬಿಡುತ್ತಾರೆ. ದಿನಗೂಲಿಯ ಜನರಿಗೆ ಎರಡು ದಿನ ಹೆಚ್ಚಿಗೆ ಕೂರುವುದು ಎಷ್ಟು ಕಷ್ಟವೆಂಬುದನ್ನು ಬಲ್ಲೆ; ಆದರೂ ಆ ಎರಡು ದಿನಗಳನ್ನೇ ಹೇಗಾದರೂ ಹೊಂದಿಸಿಕೊಳ್ಳಬೇಕಾಗಿದೆ. ಗುಣಮುಖನಾದವನ ಕೈಕಾಲುಗಳ ಮೇಲೆ ಒಂದು ಬಗೆಯ ಕೆಂಪು ಹಬ್ಬಿ, ನಡುನಡುವೆ ಬಿಳಿಯ ಚುಕ್ಕೆಗಳು ಉಳಿದು, ವಿಪರೀತ ತುರಿಕೆಯಾಗುವುದುಂಟು. ಅದಕ್ಕೆ ಹೆದರಬೇಕಾದುದಿಲ್ಲ, ಆ ವೇಳೆಗೆ ಸೋರಿಕೆ ನಿಂತಿರುತ್ತದೆ, ನಾಳಗಳ ಗೋಡೆ ಮತ್ತೆ ಬಿಗಿಗೊಂಡಿರುತ್ತದೆ. ನಿಶ್ಶಕ್ತಿ ಮಾತ್ರ ಕೆಲವು ವಾರ ಜೊತೆಗಿರುತ್ತದೆ.